ಸೋಮವಾರ ಚಾಲೂ ಮಾಡದ ಗಾಡಿ

ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು ಹೇಳುತ್ತಾರೆ: ಮಾವನ ಸೋಮವಾರದ ಹಟಕ್ಕೆ ಅತ್ತೆಯ ಮಾತು ಹೋಯಿತು. ನನ್ನ ಗಂಡ ಹೇಳುತ್ತಾರೆ, ನಾದಿನಿಯರು ಹೇಳುತ್ತಾರೆ, ಊರೂ ಹೇಳುತ್ತದೆ. ಐದು ವರ್ಷ ನಾನೂ ಅದಕ್ಕೆ ತಲೆಯಾಡಿಸಿದ್ದೇನೆ. ಅದು ಅರ್ಧ ಮಾತು. ಇನ್ನರ್ಧ ಹೇಳಬಲ್ಲವರು ಇದ್ದದ್ದು ಇಬ್ಬರೇ, ಮಾವ ಮತ್ತು ನಾನು. ಮಾವ ಈಗ ಇಲ್ಲ. ನಾನು ಹೇಳದಿದ್ದರೆ ಅದು ನನ್ನ ಜೊತೆಗೇ ಮಣ್ಣಿಗೆ ಹೋಗುತ್ತದೆ. ಹೇಳುತ್ತೇನೆ, ನನ್ನನ್ನು ಒಳ್ಳೆಯವಳನ್ನಾಗಿ ಮಾಡಿಕೊಂಡು ಹೇಳುವುದಿಲ್ಲ.

ನಮ್ಮದು ಖಾನಾಪುರ ತಾಲೂಕು. ಬೆಳಗಾವಿಯಿಂದ ಜಾಂಬೋಟಿಗೆ ಹೋಗುವ ರಸ್ತೆಯಿಂದ ಒಂದು ಮೈಲಿ ಒಳಗೆ, ಊರಿನಿಂದ ಸ್ವಲ್ಪ ಹೊರಗೆ ಮನೆ. ಮನೆಗೆ ಹತ್ತಿಕೊಂಡು ಗದ್ದೆ, ಬಾಜುಕ್ಕೆ ಮಂಡಕ್ಕಿ ಹುರಿಯುವ ಚುರಮರಿ ಭಟ್ಟಿ. ಚುರಮರಿ ಹುರಿದು ಚೀಲ ತುಂಬಿ ಬೆಳಗಾವಿ ಪೇಟೆಗೂ ಗೋವಾದ ಅಂಗಡಿಗಳಿಗೂ ಕಳಿಸುವುದು ನಮ್ಮ ಕಸುಬು. ಭಟ್ಟಿಯನ್ನು ನಡೆಸುತ್ತಿದ್ದವರು ಅತ್ತೆ, ಅದೂ ಬರೀ ಬಾಯಿಂದ. ಪೇಟೆಯವರ ಹತ್ತಿರ ಕನ್ನಡ, ಗೋವಾದವರ ಹತ್ತಿರ ಮರಾಠಿ, ಕೆಲಸಕ್ಕೆ ಬರುವ ಹೆಂಗಸರ ಹತ್ತಿರ ಎರಡೂ ಕಲಸಿದ್ದು. ಅವರು ಫೋನ್ ಹಿಡಿದರೆ ಗದ್ದೆಯ ಆಚೆ ಬದಿಗೆ ಕೇಳುತ್ತಿತ್ತು.

“ಫೋನ್ ಯಾಕ ಬೇಕರಿ ಅತ್ತಿ? ಹಂಗ ಕರೀರಿ, ಪಣಜಿತನಕ ಕೇಳಸ್ತೈತಿ” ಎಂದು ನಾನು ಕಾಡುತ್ತಿದ್ದೆ.

“ಪಣಜ್ಯಾವ್ರಿಗೆ ಕೇಳಸ್ತೈತವ್ವ. ಬಾಜೂಕ ಕುಂತ ನಿನ್ನ ಗಂಡಗ ಕೇಳ್ಸಂಗಿಲ್ಲ ನೋಡ” ಎನ್ನುತ್ತಿದ್ದರು. ನನ್ನ ಗಂಡ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಿದ್ದರು.

ನನಗೆ ಗಾಡಿ ಕಲಿಸಿದವರೂ ಅತ್ತೆಯೇ ಎನ್ನಬೇಕು. ಅವರಿಗೆ ಸ್ಟೇರಿಂಗ್ ಹಿಡಿಯಲು ಬರುತ್ತಿರಲಿಲ್ಲ. ಆದರೂ ಮಾವನ ಜೊತೆ ಜಗಳ ತೆಗೆದು, “ಗಂಡಸರು ಊರಾಗ ಇಲ್ಲದಾಗ ಗಾಡಿ ಬಾಗಲದಾಗ ನಿಂತ ಹಾಲ ಕರಿತೈತೇನು? ಕಲೀಲಿ ಅಕಿ” ಎಂದು ಒಪ್ಪಿಸಿ, ನನ್ನ ಬಾಜು ಕುಳಿತರು. ಎರಡು ಸಲ ಗಾಡಿಯನ್ನು ಬದುವಿಗೆ ಹತ್ತಿಸಿದೆ. ಎರಡು ಸಲವೂ ಅವರು ಇಳಿಯಲಿಲ್ಲ. ತವರಿನಲ್ಲಿ ನನ್ನ ತಾಯಿ ಕೂಡ ಅಷ್ಟು ಧೈರ್ಯ ಮಾಡುತ್ತಿರಲಿಲ್ಲ. ಆ ಹೆಂಗಸನ್ನು ನಾನು ನಿಜವಾಗಿ ಪ್ರೀತಿಸಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದವರು ನಂಬಲಿಕ್ಕಿಲ್ಲ.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಮಾವ ಎತ್ತು ಮಾರಿ ಈ ಹಳೆಯ ಪಿಕಪ್ ತಂದ ಮೇಲೆ ಆ ವಾರವನ್ನು ಗಾಡಿಗೆ ಕೊಟ್ಟರು. ಸೋಮವಾರ ಬೆಳಿಗ್ಗೆ ಅದರ ಬಾನೆಟ್ ತೊಳೆದು, ವಿಭೂತಿ ಎಳೆದು, ಎರಡು ಹೂವಿಟ್ಟು ಕೈ ಮುಗಿಯುತ್ತಿದ್ದರು. ಮಂಗಳವಾರ ಹೊತ್ತು ಮೂಡುವವರೆಗೆ ಚಾವಿ ಮೊಳೆಯಿಂದ ಇಳಿಯುವಂತಿರಲಿಲ್ಲ. ಊರು ನಕ್ಕಿತು. “ಎತ್ತ ದುಡದಂಗ ಅದೂ ದುಡೀತೈತಿ. ದುಡಿಯೋರಿಗೆ ಒಂದಿನ ಬ್ಯಾಡೇನು?” ಎಂದು ಮಾವ ಕೇಳುತ್ತಿದ್ದರು. ಮಾತು ಸರಿಯೇ. ನನಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಸೋಮವಾರವೂ ನಸುಕಿಗೆ ಎದ್ದು ಕಸ ಹೊಡೆದು, ರೊಟ್ಟಿ ಬಡಿದು, ಭಟ್ಟಿಯ ಬೆಂಕಿಯ ಮುಂದೆ ನಿಲ್ಲುವವಳು ನಾನು. ಒಂದು ದಿನ ಕೇಳಿಯೇ ಬಿಟ್ಟೆ: “ಮಾವ್ರ, ಗಾಡಿಗೆ ಸೋಮವಾರ ಸೂಟಿ. ಸೊಸಿಗೆ ಯಾವ ವಾರರಿ?” ಎಲ್ಲರೂ ನಕ್ಕರು. ಮಾವನೂ ನಕ್ಕರು.

ಗಾಡಿ ಪೆಟ್ರೋಲಿನದು, ಇಪ್ಪತ್ತು ವರ್ಷ ದಾಟಿತ್ತು. ಚುರಮರಿ ಚೀಲಗಳಿಗೆ ತೂಕವಿಲ್ಲ, ಅವನ್ನು ಹೇಗೋ ಎಳೆಯುತ್ತಿತ್ತು. ಭತ್ತದ ಚೀಲ ಹೇರಿದರೆ ಏರಿನಲ್ಲಿ ಕುದಿಯುತ್ತಿತ್ತು. ಆ ವರ್ಷ ಮಳೆಗಾಲದಲ್ಲಿ ನೀರಿನ ಪೈಪು ಒಡೆದದ್ದು ನನ್ನ ಗಂಡನಿಗೆ ತಿಳಿಯಲಿಲ್ಲ. ಹಾಗೇ ಓಡಿಸಿಕೊಂಡು ಬಂದರು. ಎಂಜಿನ್ನಿನ ಮೈಯೇ ಸೀಳಿಬಿಟ್ಟಿತು.

ಡೀಸೆಲ್ ಎಂಜಿನ್ ಹಾಕಿಸೋಣ ಎಂದವಳು ನಾನು. ಇಂಥದೇ ಪಿಕಪ್ಪಿಗೆ ಹಾಕಿಸಿ ಓಡಿಸುತ್ತಿದ್ದಾರೆ ಎಂದು ಪೇಟೆಯಲ್ಲಿ ಯಾರೋ ಹೇಳಿದ್ದರು. ಪೀರನವಾಡಿಯಲ್ಲಿ ಗಾಡಿ ರಿಪೇರಿ ಮಾಡುವ ನಮ್ಮ ಮಿಸ್ತ್ರಿಯನ್ನು ಕೇಳಿದೆ. ಪಲ್ಟಿ ಹೊಡೆದು ಗುಜರಿ ಸೇರಿದ ಒಂದು ಜೀಪಿನ ಎಂಜಿನ್ ಬೆಳಗಾವಿಯಲ್ಲಿ ಇದೆ, ಮೈ ಹೋಗಿದೆ, ಎಂಜಿನ್ ಘಟ್ಟಿ ಇದೆ ಎಂದ. ಮಾವ ಒಪ್ಪಲಿಲ್ಲ.

“ಎತ್ತಿನ ಹೊಟ್ಟ್ಯಾಗ ಕೋಣನ ಕರಳ ತುಂಬಿದ್ರ ಅದು ಇತ್ಲಾಗ ಎತ್ತೂ ಅಲ್ಲ, ಅತ್ಲಾಗ ಕೋಣನೂ ಅಲ್ಲ” ಎಂದರು.

“ನಾಳೆ ನೆಹರು ನಗರದ ದವಾಖಾನಿಗೆ ಒಯ್ದು ನಿಮ್ಮ ಮೊಣಕಾಲ ಬದಲಿ ಮಾಡ್ಸಿದ್ರ ನೀವು ನೀವ ಉಳಿಯಂಗಿಲ್ಲೇನು?” ಎಂದು ಅತ್ತೆ ಕೇಳಿದರು. “ಹಾಕ್ಸ್ರಿ ಸುಮ್ನ. ಅಕಿ ಹೇಳೂದ ಬರೋಬ್ಬರಿ ಐತಿ.”

ಮಾವ ಹೆಗಲ ಮೇಲಿನ ಟವೆಲ್ ಕೊಡವಿ ಎದ್ದು ಹೋದರು. ಅದೇ ಅವರ ಒಪ್ಪಿಗೆ.

ಮಿಸ್ತ್ರಿಯ ಗ್ಯಾರೇಜು ಪೀರನವಾಡಿಯಲ್ಲಿ ರಸ್ತೆಗೆ ಹತ್ತಿಯೇ ಇರುವ ತಗಡಿನ ಶೆಡ್ಡು. ಕೆಲಸ ನಡೆದ ವಾರ ನಾನೂ ಅತ್ತೆಯೂ ಎರಡು ಸಲ ರೊಟ್ಟಿ ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಹೋದೆವು. ಚೈನ್ ಪುಲ್ಲಿಯಲ್ಲಿ ಹಳೆಯ ಎಂಜಿನ್ ಮೇಲೆದ್ದಾಗ ಬಾನೆಟ್ಟಿನ ಕೆಳಗೆ ಕಂಡದ್ದು ಬರೀ ಮಣ್ಣು, ಎಣ್ಣೆ, ಒಂದು ಇಲಿಯ ಗೂಡು. ಹೊಸದು ಅದಕ್ಕಿಂತ ಉದ್ದ, ಭಾರ. ಮೊದಲ ಸಲ ಇಳಿಸಿದಾಗ ಕೂರಲಿಲ್ಲ. ಅಡ್ಡಪಟ್ಟಿ ಕತ್ತರಿಸಿ ಬೇರೆ ಬೆಸೆದರು, ರೇಡಿಯೇಟರನ್ನು ಮುಂದಕ್ಕೆ ಸರಿಸಿದರು, ಗೇರ್ ಬಾಕ್ಸಿಗೂ ಎಂಜಿನ್ನಿಗೂ ಜೋಡಿ ಹೊಂದಲೆಂದು ಒಂದು ದಪ್ಪ ತಟ್ಟೆಯನ್ನು ಲೇತ್ ಮೇಲೆ ತಿರುವಿ ತಂದರು. ಮುಂದಿನ ಸ್ಪ್ರಿಂಗಿನ ಪಾಟಾಗಳಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಹಾಕಿದರು, ಇಲ್ಲದಿದ್ದರೆ ಗಾಡಿ ಮೂಗು ನೆಲಕ್ಕೆ ಹಾಕುತ್ತಿತ್ತು. ಪೆಟ್ರೋಲ್ ಟ್ಯಾಂಕ್ ಇಳಿಸಿ ತೊಳೆದರು. ಟ್ಯಾಂಕಿನಿಂದ ಎಂಜಿನ್ನಿಗೆ ಬರುವ ಪೈಪು ಮಾತ್ರ ಹಳೆಯದೇ ಉಳಿಯಿತು.

ಮಿಸ್ತ್ರಿ ಮಾತಿನ ಮನುಷ್ಯ. ನನ್ನನ್ನು ಅತ್ತಿಗೆ ಎಂಬಂತೆ ವೈನಿ ಎನ್ನುತ್ತಿದ್ದ. “ವೈನಿ, ಪೆಟ್ರೋಲಿಗೆ ಕಿಡಿ ಬೇಕ್ರಿ. ಡೀಸಲ್ಲಿಗೆ ಕಿಡಿ ಗಿಡಿ ಏನಿಲ್ಲ, ಬಿಗೀ ಒತ್ತಿ ಹೊಡದ್ರ ತಾನ ಹತ್ಕೊಂತೈತಿ. ಆದ್ರ ಪೈಪಿನ್ಯಾಗ ಗಾಳಿ ಹೊಕ್ಕಿತೋ, ಖೇಲ್ ಖತಂ” ಎಂದು ಅತ್ತೆಗೂ ನನಗೂ ವಿವರಿಸಿದ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ನಿನ್ನ ಹೆಂಡತಿಯ ಕೈ ನೋವು ಹೇಗಿದೆ ಎಂದು ಕೇಳಿದರು.

ಶನಿವಾರ ಮಧ್ಯಾಹ್ನ ಎಂಜಿನ್ ಎದ್ದಿತು. ಶೆಡ್ಡು ತುಂಬ ಕರಿ ಹೊಗೆ. ತಗಡೆಲ್ಲ ಗದಗದ ನಡುಗಿತು. ಸ್ವಲ್ಪ ಹೊತ್ತಿನ ಮೇಲೆ ಮಿಸ್ತ್ರಿ ಬಗ್ಗಿ ಕಿವಿಗೊಟ್ಟು, ಹಳೆಯ ಪೈಪಿನ ಜಾಯಿಂಟಿನಲ್ಲಿ ಎಲ್ಲೋ ಸಣ್ಣಗೆ ಗಾಳಿ ಎಳೆಯುತ್ತಿದೆ, ಹೊಸ ಪೈಪು ಬುಧವಾರ ಸಿಗುತ್ತದೆ, ಅಲ್ಲಿಯವರೆಗೆ ಗಾಡಿ ಇಲ್ಲೇ ಇರಲಿ ಎಂದ. ನಾನು ಕೇಳಲಿಲ್ಲ. ವಾರದಿಂದ ಚೀಲಗಳು ಮನೆ ತುಂಬ ಬಿದ್ದಿದ್ದವು, ಭಾನುವಾರ ಪೇಟೆಗೆ ಹಾಕಲೇಬೇಕಿತ್ತು. ನನ್ನ ಗಂಡ ಹಳೆಯ ಎಂಜಿನ್ ಗುಜರಿಗೆ ಹಾಕಲು ಹೋಗಿದ್ದರು. ಮಿಸ್ತ್ರಿ ನನ್ನನ್ನೇ ಕರೆದು ಹೇಳಿದ.

“ಒಯ್ಯೂದಿದ್ರ ಒಯ್ರಿ ವೈನಿ. ಆದ್ರ ದಿನಾ ಮುಂಜಾನಿ ಒಮ್ಮಿ, ಸಂಜಿಕ ಒಮ್ಮಿ ಹತ್ತ ನಿಮಿಷ ಚಾಲೂ ಇಡಬೇಕ. ಒಂದಿಡೀ ದಿನ ನಿಂತಿತಂದ್ರ ಏರ್ ಹಿಡೀತೈತಿ, ಆಮ್ಯಾಲ ನೀವು ತಲಿ ಕೆಳಗ ಮಾಡಿ ನಿಂತರೂ ಚಾಲೂ ಆಗಂಗಿಲ್ಲ. ನಿಮಗ ಹೇಳೇನಿ, ನೆನಪಿಡ್ರಿ.”

“ಹ್ಞೂಂ ಅಣ್ಣಾರ, ನಾ ನೋಡ್ಕೋತೀನಿ” ಎಂದೆ. ಹೀಗೆ ಅದು ನನ್ನ ಜವಾಬ್ದಾರಿಯಾಯಿತು.

ಭಾನುವಾರ ಗಾಡಿ ಪೇಟೆಗೆ ಹೋಗಿ ಬಂದಿತು. ಏರಿನಲ್ಲಿ ಒಮ್ಮೆಯೂ ಕುದಿಯಲಿಲ್ಲ. ಮರುದಿನ ಶ್ರಾವಣ ಸೋಮವಾರ. ಬೆಳಿಗ್ಗೆ ಹೊಸ ಎಂಜಿನ್ ನೋಡಲೆಂದು ಊರಿನಿಂದ ಮೂರು ನಾಲ್ಕು ಜನ ಬಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಬಾನೆಟ್ಟಿಗೆ ಆಗಲೇ ವಿಭೂತಿ ಬಿದ್ದಿತ್ತು. ನಾನು ಚಾವಿ ಹಿಡಿದುಕೊಂಡು ಬಂದೆ.

“ಇವತ್ತ ಯಾವ ವಾರ?” ಎಂದರು ಮಾವ.

“ಹೂಡಾಕಲ್ರೀ ಮಾವ್ರ. ಬಾಗಲ ಬಿಟ್ಟ ಕದಲಸಂಗಿಲ್ಲ. ನಿಂತಲ್ಲೇ ಹತ್ತ ನಿಮಿಷ ಚಾಲೂ ಇಡಬೇಕಂತ ಮಿಸ್ತ್ರಿ ಹೇಳ್ಯಾನ್ರೀ.”

ಮಾವ ಕಟ್ಟೆಯವರ ಕಡೆ ತಿರುಗಿದರು. “ನೋಡ್ರಪಾ. ಹೆಣ್ಮಕ್ಕಳ ಮಾತ ಕೇಳಿ ಎಂಜಿನ್ ಹಾಕ್ಸಿದ್ವಿ. ಈಗ ಕೂಸಿನಂಗ ಹೊತ್ತಹೊತ್ತಿಗೆ ಎಬ್ಬಿಸಿ ಆಡಸಬೇಕಂತ ಅದನ್ನ.”

ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ಗಂಡನೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಮಾತ್ರ ನಗಲಿಲ್ಲ. “ಬಿಡ, ಆಮ್ಯಾಲ ಹೇಳ್ತೀನಿ ನಾ” ಎಂದು ಸನ್ನೆ ಮಾಡಿದರು. ನಾನು ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದೆ. ಮೊದಲೇ ನನ್ನ ಸಿಟ್ಟು ಮೂಗಿನ ತುದಿಯಲ್ಲಿ ಇರುವಂಥದು. ಇಡೀ ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಪಾತ್ರೆ ಮಾತಾಡಿದವು.

ಸಂಜೆ ಅತ್ತೆ ಭಟ್ಟಿಯ ಹೆಂಗಸರ ಜೊತೆ ಗುಡಿಗೆ ಹೋದರು. ಶ್ರಾವಣದ ಗದ್ದಲದಲ್ಲಿ ಗಾಡಿಯ ಮಾತು ಅವರಿಗೆ ಮರೆತಿತ್ತು. ನಾನು ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದೆ. ಹಿತ್ತಿಲ ಬಾಗಿಲಲ್ಲಿ ಯಾರೋ ನಿಂತಂತಾಯಿತು. ನೋಡಿದರೆ ಮಾವ. ನಾನು ಆ ಮನೆಗೆ ಬಂದ ಮೇಲೆ ಅವರು ಒಮ್ಮೆಯೂ ಅಡುಗೆಮನೆಯ ಬಾಗಿಲಿಗೆ ಬಂದು ನಿಂತವರಲ್ಲ.

“ಆ ಎಂಜಿನ್ನಿಗೆ ಖರೇನ ಹಂಗ ಬೇಕಾಗ್ತೈತೇನವ್ವ?” ಎಂದು ಕೇಳಿದರು.

ನಾನು ರೊಟ್ಟಿ ತಿರುವಿ ಹಾಕಿದೆ.

“ಬೇಕಂದ್ರ ಚಾಲೂ ಮಾಡು ಹೋಗು. ಹತ್ತ ನಿಮಿಷಷ್ಟ ಅಲಾ? ಬಸವಣ್ಣಗ ನಾ ಹೇಳ್ಕೋತೀನಿ.”

ಎಂಬತ್ತಕ್ಕೆ ಹತ್ತಿರ ಬಂದ ಮನುಷ್ಯ, ಜೀವಮಾನದಲ್ಲಿ ಒಂದು ಸೋಮವಾರವನ್ನೂ ಮುರಿಯದವರು, ಸೊಸೆಯ ಮುಂದೆ ಬಂದು ಅಷ್ಟು ಹೇಳಿದರು. ಬೆಳಿಗ್ಗೆ ನಕ್ಕದ್ದಕ್ಕೆ ಅದು ಅವರ ಕ್ಷಮೆ ಕೇಳುವ ರೀತಿ. ನನಗೆ ಆ ಕ್ಷಣದಲ್ಲೇ ಅದು ಗೊತ್ತಾಗಿತ್ತು. ಗೊತ್ತಾಗಿಯೇ ಹಂಚಿನಿಂದ ಕಣ್ಣು ಎತ್ತಲಿಲ್ಲ.

“ಬ್ಯಾಡ್ರಿ” ಎಂದೆ. “ನಿಮ್ಮ ಎತ್ತ ಮಲಗಲಿ. ಹೆಣ್ಮಕ್ಕಳ ಮಾತ ಯಾಕ ಕೇಳ್ತೀರಿ?”

“ಇಷ್ಟ ಸಿಟ್ಟ ಒಳ್ಳೇದಲ್ಲವ್ವ” ಎಂದು ಮೆಲ್ಲಗೆ ಹೇಳಿ ಹೋದರು. ಚಾವಿ ನನ್ನ ಸೊಂಟದಲ್ಲೇ ಇತ್ತು. ಗಾಡಿ ಹತ್ತು ಹೆಜ್ಜೆಯ ಮೇಲಿತ್ತು. ನಾಳೆ ಬೆಳಿಗ್ಗೆ ಅದು ಚಾಲೂ ಆಗಬಾರದು, ಎಲ್ಲರೂ ಅದರ ಸುತ್ತ ತಲೆ ಮೇಲೆ ಕೈ ಹೊತ್ತು ನಿಲ್ಲಬೇಕು, ಆಗ ಗೊತ್ತಾಗುತ್ತದೆ ಇವರಿಗೆ, ಎಂದುಕೊಂಡೆ. ಮರೆತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅದು ನಿಲ್ಲಲಿ ಎಂದೇ ಬಯಸಿದ್ದೆ.

ಮಂಗಳವಾರ ಬೆಳಿಗ್ಗೆ ಆರು ಗಂಟೆ. ಜೋರು ಮಳೆ. ಅತ್ತೆ ಚಹಾದ ಲೋಟ ಹಿಡಿದು ಪಡಸಾಲೆಗೆ ಬಂದವರು ಲೋಟವನ್ನು ಕೈಬಿಟ್ಟರು. ಕೆಳಗೆ ಬಿದ್ದ ಲೋಟವನ್ನೇ ನೋಡುತ್ತ ನಿಂತರು. ಬಾಯಿ ಒಂದು ಕಡೆ ಸರಿದಿತ್ತು. ನನ್ನನ್ನು ಕರೆಯಲು ಹೋದರು. ಬಂದದ್ದು ಮಾತಲ್ಲ, ಏನೋ ಕಲಸಿದ ಸದ್ದು. ಅವರ ತಮಾಷೆ ಎಷ್ಟಿರುತ್ತಿತ್ತೆಂದರೆ ಒಂದು ಗಳಿಗೆ ನಾನು ನಕ್ಕೆ. ಆಮೇಲೆ ಬಲಗಾಲು ಮಡಚಿಕೊಂಡು ಬಿದ್ದರು.

ನನ್ನಿಂದ ಚಾವಿ ಕಸಿದುಕೊಂಡು ನನ್ನ ಗಂಡ ಗಾಡಿಗೆ ಓಡಿದರು. ಸೆಲ್ಫ್ ತಿರುಗಿತು, ಎಂಜಿನ್ ಏಳಲಿಲ್ಲ. ಮತ್ತೆ ತಿರುಗಿಸಿದರು. ಪೆಟ್ರೋಲ್ ಗಾಡಿಯ ರೂಢಿ ಅವರಿಗೆ. ಆಕ್ಸಿಲರೇಟರನ್ನು ಹತ್ತು ಸಲ ತುಳಿದು, ಸ್ವಲ್ಪ ಬಿಟ್ಟು, ಮತ್ತೆ ಸೆಲ್ಫ್ ಹೊಡೆದರು. ಡೀಸೆಲ್ಲಿಗೆ ಅದರಿಂದ ಏನೂ ಆಗುವುದಿಲ್ಲ.

“ಯಾಕ ಚಾಲೂ ಆಗವಲ್ದು? ಮೊನ್ನಿ ಪ್ಯಾಟಿಗೆ ಹೋಗಿ ಬಂದಾಗ ಚಂದ ಇತ್ತಲಾ!” ಎಂದು ಕಿರುಚಿದರು.

ನಾನು ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಮಾವ ಅವರ ಕಾಲು ತಿಕ್ಕುತ್ತಿದ್ದರು. ನನ್ನ ಬಾಯಿಂದ ಒಂದು ಮಾತು ಬಂತು: “ಸೋಮವಾರ ನಿಂತಿತ್ತಲ್ರೀ.”

ಅಷ್ಟೇ ಹೇಳಿದೆ. ಸುಳ್ಳಲ್ಲ. ಮಾವ ಕಾಲು ತಿಕ್ಕುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಕಣ್ಣು ತಪ್ಪಿಸಿದೆ. ಅವರು ಮತ್ತೆ ತಿಕ್ಕತೊಡಗಿದರು.

ಮಿಸ್ತ್ರಿಗೆ ಫೋನ್ ಹಚ್ಚಲು ನಾನು ರಸ್ತೆಯ ಕಡೆಯ ದಿಬ್ಬಕ್ಕೆ ಓಡಬೇಕಿತ್ತು. ಆ ಮಳೆಯಲ್ಲಿ ಮನೆಯ ಹತ್ತಿರ ರೇಂಜ್ ಸಿಗುತ್ತಿರಲಿಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲು ಮಾಡಿ, ಕೈಪಂಪು ಒತ್ತುತ್ತಾ ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆಯಿರಿ ಎಂದ. ಓಡಿ ಬಂದು ಹೇಳಿದೆ. ಗಂಡ ಬೇರೆ ನಟ್ಟು ಬಿಚ್ಚಿದರು, ಡೀಸೆಲ್ ಮುಖಕ್ಕೆ ಚಿಮ್ಮಿತು. ಮತ್ತೆ ಓಡಿದೆ, ಮತ್ತೆ ಕೇಳಿದೆ. ಆಂಬುಲೆನ್ಸಿಗೂ ಹಚ್ಚಿದೆ. ಅದು ಬೇರೆ ರೋಗಿಯನ್ನು ತರಲು ಹೋಗಿತ್ತು, ನಡುವೆ ರಸ್ತೆಗೆ ಮರ ಬಿದ್ದಿದೆ, ತಡವಾಗುತ್ತದೆ ಎಂದರು. ಊರಿಗೆ ಹೋಗಿ ಬೇರೆ ಗಾಡಿ ನೋಡೋಣ ಎಂದು ನಾನು ಮೂರು ಸಲ ಹೇಳಿದೆ. ಮೂರು ಸಲವೂ ನನ್ನ ಗಂಡ, “ತಡಿ, ಈಗ ಆಗ್ತೈತಿ, ಈಗ ಆಗ್ತೈತಿ” ಎಂದರು. ನಾವು ಹಾಳಾದದ್ದು ಆ ಮಾತಿಗೆ. ಎಂಜಿನ್ ಪೂರ್ತಿ ಸತ್ತಿದ್ದರೆ ಬಿಟ್ಟು ಓಡುತ್ತಿದ್ದೆವು. ಅದು ಆಗಾಗ ಒಮ್ಮೆ ಗುಟುಕರಿಸಿ ಆಸೆ ಹುಟ್ಟಿಸುತ್ತಿತ್ತು, ಮತ್ತೆ ಸುಮ್ಮನಾಗುತ್ತಿತ್ತು. ಎರಡು ತಾಸಿನ ಮೇಲೆ ಬ್ಯಾಟರಿಯೂ ಕೂತಿತು. ಆಮೇಲೆ ನಾನು ಮಳೆಯಲ್ಲೇ ಡಾಂಬರು ರಸ್ತೆಗೆ ಓಡಿ ಹಾಲಿನ ಗಾಡಿಯೊಂದನ್ನು ಅಡ್ಡ ಹಾಕಿದೆ.

ಕ್ಯಾನುಗಳ ನಡುವೆ ಅತ್ತೆಯನ್ನು ಮಲಗಿಸಿಕೊಂಡು ಹೋದೆವು. ಬಿದ್ದ ಮರವನ್ನು ಇನ್ನೂ ಕಡಿಯುತ್ತಿದ್ದರು, ಅಲ್ಲಿಯೂ ಹೊತ್ತು ಹೋಯಿತು. ಅತ್ತೆ ಎಡಗೈಯಿಂದ ನನ್ನ ಕೈ ಹಿಡಿದಿದ್ದರು, ಬಲವಾಗಿ. ಏನೋ ಹೇಳಲು ಮತ್ತೆ ಮತ್ತೆ ಹೆಣಗುತ್ತಿದ್ದರು. “ಸುಮ್ಮಕಿರ್ರಿ ಅತ್ತಿ, ಮುಟ್ಟಿದ್ವಿ, ಮುಟ್ಟಿದ್ವಿ” ಎನ್ನುತ್ತಿದ್ದೆ. ಪೀರನವಾಡಿಯಲ್ಲಿ ಮಿಸ್ತ್ರಿ ಸ್ಪ್ಯಾನರ್, ಪಾನಾಗಳ ಚೀಲ ಹಿಡಿದು ನಮ್ಮ ಮನೆಯ ಕಡೆ ಬರಲು ಬೈಕ್ ಹತ್ತುತ್ತಿದ್ದುದು ಕಂಡಿತು.

ನೆಹರು ನಗರದ ದೊಡ್ಡ ಆಸ್ಪತ್ರೆ ಮುಟ್ಟಿದಾಗ ಹತ್ತೂವರೆ ದಾಟಿತ್ತು. ಸ್ಕ್ಯಾನ್ ಮಾಡಿದರು. ವೈದ್ಯೆ ಸಣ್ಣ ವಯಸ್ಸಿನವಳು, ಮೆತ್ತಗೆ ಮಾತಾಡಿದಳು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದನ್ನು ಕರಗಿಸುವ ಇಂಜೆಕ್ಷನ್ನಿಗೆ ಒಂದು ಹೊತ್ತಿನ ಮಿತಿ ಇದೆ, ಅದು ಮೀರಿದೆ ಎಂದಳು. “ಬೇಗ ಬಂದಿದ್ದರೆ ಪೂರ್ತಿ ಸರಿಯಾಗುತ್ತಿತ್ತು ಅಂತ ಹೇಳಲಾರೆ. ಒಂದು ಅವಕಾಶ ಅಂತೂ ಇತ್ತು.” ನನ್ನ ಗಂಡ ಗೋಡೆಗೆ ಒರಗಿ ಕುಳಿತುಬಿಟ್ಟರು.

ಬಲಭಾಗ ಬರಲಿಲ್ಲ. ಮಾತು ಬರಲಿಲ್ಲ. ತಿಳಿವಳಿಕೆ ಮಾತ್ರ ಒಂದು ಕೂದಲಿನಷ್ಟೂ ಹೋಗಿರಲಿಲ್ಲ. ನಾವು ಆಡಿದ ಪ್ರತಿ ಮಾತೂ ಅವರಿಗೆ ತಿಳಿಯುತ್ತಿತ್ತು. ಅದು ನಮಗೆ ಗೊತ್ತಾಗುವ ಮೊದಲೇ, ಮೂರನೆಯ ದಿನ, ಹಾಸಿಗೆಯ ಬಾಜುಕ್ಕೇ ನಿಂತು ನನ್ನ ಗಂಡ ಅಪ್ಪನ ಮೇಲೆ ಸಿಡಿದರು.

“ನಿಮ್ಮ ಸೋಮವಾರ ನನ್ನ ಅವ್ವನ್ನ ತಿಂತು! ಹತ್ತ ನಿಮಿಷ ಚಾಲೂ ಮಾಡಾಕ ಬಿಟ್ಟಿದ್ರ ಇವತ್ತ ಅಕಿ ಎದ್ದ ಕುಂದರತಿದ್ಲು. ನಿಮ್ಮ ಸೊಸಿ ಚಾವಿ ತಗೊಂಡ ಬಂದಿದ್ಲು, ನೀವ ತಿರುಗಿಸಿ ಕಳಿಸಿದ್ರಿ!”

ನಾನು ಹಾಸಿಗೆಯ ಇನ್ನೊಂದು ಬದಿಗೆ ಇದ್ದೆ. ಒಂದೇ ಮಾತು ಸಾಕಿತ್ತು. ಸಂಜೆ ಅವರು ಹೂಂ ಅಂದಿದ್ದರು, ನಾನೇ ಒಲ್ಲೆ ಅಂದೆ. ನಾಲಿಗೆ ಏಳಲಿಲ್ಲ. ಮಾವ ತಲೆ ತಗ್ಗಿಸಿ, “ಹೌದಪಾ” ಎಂದರು. ಅತ್ತೆ ಗಂಡನನ್ನು ಒಮ್ಮೆ ನೋಡಿ ಮುಖವನ್ನು ಗೋಡೆಗೆ ತಿರುಗಿಸಿದರು. ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು ಅವರೂ ನೋಡಿದ್ದರಲ್ಲ. ಸಂಜೆಯದನ್ನು ನೋಡಿರಲಿಲ್ಲ.

ಮಿಸ್ತ್ರಿ ಬುಧವಾರವೇ ಬಂದು ಹೊಸ ಪೈಪು ಹಾಕಿದ. ಅರ್ಧ ತಾಸಿನ ಕೆಲಸ. ಅಂದಿನಿಂದ ಆ ಎಂಜಿನ್ ಒಂದು ದಿನವೂ ತಂಟೆ ಮಾಡಿಲ್ಲ. ವಾರಗಟ್ಟಲೆ ನಿಲ್ಲಿಸಿದರೂ ಒಂದೇ ಸೆಲ್ಫಿಗೆ ಏಳುತ್ತದೆ. ಅದರ ಸದ್ದು ಕೇಳಿದಾಗೆಲ್ಲ ನನಗೆ ಅದನ್ನು ಕೊಡಲಿಯಿಂದ ಕಡಿಯಬೇಕೆನಿಸುತ್ತದೆ.

ಮನೆಗೆ ಕರೆತಂದ ಮೇಲೆ ಅತ್ತೆಗೆ ಉಣ್ಣಿಸುವುದು, ತೊಳೆಯುವುದು, ಹೊರಳಿಸುವುದು ಎಲ್ಲ ನನ್ನ ಪಾಲಿಗೆ ಬಂತು. ನಾನೇ ಇಸಿದುಕೊಂಡೆ ಎನ್ನಬೇಕು. ನಾದಿನಿಯರು ಬಂದವರು, “ಇಂಥಾ ಸೊಸಿ ಸಿಗಾಕ ಪುಣ್ಯಾ ಮಾಡಿರಬೇಕ” ಎಂದು ಕಣ್ಣೀರು ಹಾಕುತ್ತಿದ್ದರು. ನನಗೆ ಮೈ ಮೇಲೆ ಕೆಂಡ ಸುರಿದಂತಾಗುತ್ತಿತ್ತು. ಮೊದಮೊದಲು ಮಾವ ದಿನಾ ಸಂಜೆ ಬಟ್ಟಲು ಹಿಡಿದುಕೊಂಡು ಮಂಚದ ಹತ್ತಿರ ಬರುತ್ತಿದ್ದರು. ಚಮಚ ಮುಂದೆ ಮಾಡಿದರೆ ಅತ್ತೆ ತುಟಿ ಬಿಗಿದು ಗೋಡೆಗೆ ತಿರುಗುತ್ತಿದ್ದರು. ಬಟ್ಟಲನ್ನು ನನ್ನ ಕೈಗೆ ಕೊಟ್ಟು ಮಾವ ಹೊರಗೆ ಹೋಗುತ್ತಿದ್ದರು. ನಾನು ಕುಳಿತರೆ ಅತ್ತೆ ಬಾಯಿ ತೆರೆಯುತ್ತಿದ್ದರು, ಎಡಗೈಯಿಂದ ನನ್ನ ಕೆನ್ನೆ ಸವರುತ್ತಿದ್ದರು. ಒಂದೆರಡು ತಿಂಗಳಾದ ಮೇಲೆ ಮಾವ ಬಟ್ಟಲು ತರುವುದನ್ನು ಬಿಟ್ಟರು. ಭಟ್ಟಿಯ ಪಕ್ಕದ ಚೀಲದ ಕೋಣೆಯಲ್ಲಿ ಮಲಗತೊಡಗಿದರು. ಸೋಮವಾರದ ವಿಭೂತಿಯೂ ನಿಂತಿತು.

ಮಾವ ಹೇಳಿಬಿಡುತ್ತಾರೆ ಎಂದು ಮೊದಲ ವರ್ಷ ಹೆದರಿದ್ದೆ. ಎರಡನೆಯ ವರ್ಷ, ಹೇಳಬಾರದಾ ಈ ಮುದುಕ, ಹೇಳಿ ನನ್ನನ್ನು ಬಿಡಿಸಬಾರದಾ ಎಂದು ಅವರ ಮೇಲೇ ಸಿಟ್ಟು ಬರುತ್ತಿತ್ತು. ನಾಚಿಕೆಗೆಟ್ಟ ಸಿಟ್ಟು. ಒಮ್ಮೆ ಚೀಲದ ಕೋಣೆಗೆ ಊಟ ಒಯ್ದಾಗ ಬಾಯಿ ಬಿಟ್ಟೆ: “ಮಾವ್ರ, ಅವತ್ತ ಸಂಜಿಕ ನೀವು...”

“ಭಟ್ಟಿ ಬೆಂಕಿ ಆರತೈತಿ, ನೋಡ ಹೋಗು” ಎಂದರು. ತಟ್ಟೆಯಿಂದ ಕಣ್ಣು ಎತ್ತಲಿಲ್ಲ. ನಾನು ಎದ್ದು ಬೆಂಕಿ ನೋಡಲು ಹೋದೆ. ಸತ್ಯ ಹೇಳಬೇಕೆಂದರೆ, ಅವರು ಬಾಯಿ ಮುಚ್ಚಿಸಿದ್ದು ನನಗೆ ಹಾಯೆನಿಸಿತು.

ಕಳೆದ ಚಳಿಗಾಲದಲ್ಲಿ ನಾಲ್ಕು ದಿನದ ಜ್ವರಕ್ಕೆ ಮಾವ ಹೋದರು. ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಧರಿಸಿದರು. ಜಂಗಮರು ಬಂದರು, ಬಂಧುಗಳು ಬಂದರು, ಪಡಸಾಲೆ ತುಂಬಿತು. ಮಣ್ಣಿಗೆ ಒಯ್ಯುವ ಮೊದಲು ಹೆಂಡತಿಯ ಕೈಯಿಂದ ಒಮ್ಮೆ ವಿಭೂತಿ ಹಚ್ಚಿಸಿ ಎಂದು ಹಿರಿಯರು ಹೇಳಿದರು. ಅತ್ತೆಯನ್ನು ಕುರ್ಚಿಯಲ್ಲಿ ಎತ್ತಿ ತಂದರು. ನಾನು ಅವರ ಎಡಗೈಯ ಬೆರಳಿಗೆ ವಿಭೂತಿ ತೀಡಿ ಮಾವನ ಹಣೆಯ ಹತ್ತಿರ ಒಯ್ದೆ. ಅತ್ತೆ ಕೈಯನ್ನು ಕಿತ್ತುಕೊಂಡರು. ಮತ್ತೆ ಹಿಡಿದೆ. ಮತ್ತೆ ಕಿತ್ತುಕೊಂಡು ಮುಖ ತಿರುಗಿಸಿದರು. ಇಡೀ ಊರು ನೋಡಿತು. “ಬಿಡವ್ವ, ಅಕಿಗೆ ಮನಸಿಲ್ಲ” ಎಂದು ಯಾರೋ ಹೆಂಗಸು ಅಂದಳು. ಮಾವ ಹಾಗೆಯೇ ಹೋದರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗನ್ನೂ ಅಲ್ಲ.

ಬಂಧುಗಳೆಲ್ಲ ಚದುರಿದ ಮೇಲೆ ಒಂದು ಮಧ್ಯಾಹ್ನ, ಗಂಡ ಪೇಟೆಗೆ ಹೋಗಿದ್ದಾಗ, ಅತ್ತೆಯ ಮಂಚದ ಹತ್ತಿರ ನೆಲದ ಮೇಲೆ ಕುಳಿತೆ. ಎಲ್ಲ ಹೇಳಿದೆ. ಮಾವ ಅಡುಗೆಮನೆಯ ಬಾಗಿಲಿಗೆ ಬಂದದ್ದು, ಬಸವಣ್ಣನಿಗೆ ನಾನು ಹೇಳಿಕೊಳ್ಳುತ್ತೇನೆ ಎಂದದ್ದು, ನಾನು ಆಡಿದ ಮಾತು, ಚಾವಿ ನನ್ನ ಸೊಂಟದಲ್ಲಿ ಇದ್ದದ್ದು. ನಾಳೆ ಗಾಡಿ ನಿಲ್ಲಲಿ ಎಂದು ನಾನು ಬಯಸಿದ್ದನ್ನೂ ಹೇಳಿದೆ. “ಅವ್ರದೇನೂ ತಪ್ಪಿರಲಿಲ್ರೀ ಅತ್ತಿ. ಎಲ್ಲಾ ನಂದ” ಎಂದೆ. ಹೇಳುವಾಗಲೇ ನನಗೆ ಹೊಳೆಯಿತು, ನಾನು ಹೇಳುತ್ತಿರುವುದು ಇನ್ನೊಬ್ಬರಿಗೆ ತಿಳಿಸಲು ಆಗದವರಿಗೆ. ಧೈರ್ಯ ಬಂದದ್ದೂ ಅದಕ್ಕೇ.

ಅತ್ತೆ ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಅವರ ಗಂಟಲಿನಿಂದ ಒಂದು ಸದ್ದು ಹೊರಟಿತು. ಅಂಥ ಸದ್ದನ್ನು ಆ ಐದು ವರ್ಷದಲ್ಲಿ ನಾನು ಕೇಳಿರಲಿಲ್ಲ. ಎಡಗೈಯನ್ನು ಎತ್ತಿ ಚೀಲದ ಕೋಣೆಯ ಕಡೆ ಚಾಚಿದರು. ಅಲ್ಲಿ ಯಾರೂ ಇಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೂ ಸಂಜೆಯವರೆಗೆ ಕೈ ಇಳಿಸಲಿಲ್ಲ, ಸೋತು ಬಿದ್ದಾಗ ಬಿತ್ತು, ಮತ್ತೆ ಎತ್ತಿದರು. ನಾನು ಹಿಡಿಯಲು ಹೋದರೆ ಬಿಡಲಿಲ್ಲ.

ರಾತ್ರಿ ಏನೂ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಗಂಜಿಯ ಬಟ್ಟಲು ಹಿಡಿದು ಹೋದೆ. ತುಟಿ ಬಿಗಿಯುತ್ತಾರೆ, ಮಾವನಿಗೆ ಮಾಡಿದ್ದನ್ನೇ ನನಗೂ ಮಾಡುತ್ತಾರೆ ಎಂದುಕೊಂಡಿದ್ದೆ. ಅದನ್ನೇ ಬೇಡುತ್ತ ಹೋಗಿದ್ದೆ. ಅವರು ತುಟಿ ಬಿಗಿಯಲಿಲ್ಲ. ಹಸಿವಾಗಿತ್ತು, ಉಣ್ಣಿಸಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗೋಡೆಯ ಕಡೆ ನೋಡುತ್ತ ಬಾಯಿ ತೆರೆದರು. ಚಮಚ ಇಟ್ಟೆ, ನುಂಗಿದರು. ಮತ್ತೆ ತೆರೆದರು. ಬಟ್ಟಲು ಖಾಲಿಯಾಗುವವರೆಗೂ ನನ್ನ ಮುಖ ನೋಡಲಿಲ್ಲ. ಈಗಲೂ ದಿನಕ್ಕೆ ಮೂರು ಹೊತ್ತು ಉಣ್ಣಿಸುತ್ತೇನೆ, ಈಗಲೂ ಅವರು ನೋಡುವುದಿಲ್ಲ.